ಕುದುರೆ ಮೇಲೆ ಊರು ಸುತ್ತಿದ ದಿವಾನ: ಆಳಂದ ಸೀಮೆಗೂ ಒಮ್ಮೆ ಪ್ರಧಾನಿಯಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್

ಖಜೂರಿ: ಊರೊಳಗೆ ಒಂದು ಮಳಿಗೆ ಕಟ್ಟಬೇಕಾದರೆ ಮೊದಲು ಪಂಚಾಯಿತಿಗೆ ಅರ್ಜಿ ಕೊಡಬೇಕು, ನಕ್ಷೆ ಹಚ್ಚಬೇಕು, ಕರ ಕಟ್ಟಿದ ರಸೀದಿ ತೋರಿಸಬೇಕು. ಇದು ಎಲ್ಲರಿಗೂ ಗೊತ್ತಿರೋ ಮಾತು. ಗೊತ್ತಿದ್ದರೂ ಬಹಳ ಕಡೆ ಮೊದಲು ಪಾಯ ತೋಡುತ್ತಾರೆ, ಗೋಡೆ ಏರಿಸುತ್ತಾರೆ, ಯಾರಾದರೂ ತಕರಾರು ಎತ್ತಿದ ಮೇಲೆ ಅರ್ಜಿ ಬರೆಯುತ್ತಾರೆ. ಆಮೇಲೆ ಅಂಗಡಿ ಮುಂದೆ ಎರಡಡಿ ಕಟ್ಟೆ, ಕಟ್ಟೆ ಮೇಲೆ ಪತ್ರಾ, ಪತ್ರಾದ ಕೆಳಗೆ ಗಟಾರದ ಮೇಲೊಂದು ಹಾಸುಗಲ್ಲು. ಒಬ್ಬ ಮುಂದೆ ಬಂದರೆ ಪಕ್ಕದವನು ಸುಮ್ಮನಿರಲು ಆಗುತ್ತದೆಯೇ? ಅವನೂ ಬರುತ್ತಾನೆ. ಮಳೆಗಾಲದಲ್ಲಿ ನೀರು ಅಂಗಡಿಯೊಳಗೇ ಹೊಕ್ಕಾಗ ಎಲ್ಲರೂ ಸೇರಿ ಪಂಚಾಯಿತಿಗೆ ಬೈಯುತ್ತಾರೆ.

ಯಾವ ತಾಲ್ಲೂಕಿನ ಯಾವ ಬಜಾರ ನೋಡಿದರೂ ಇದೇ ಕತೆ, ಮತ್ತು ಇದು ಇವತ್ತಿನದೂ ಅಲ್ಲ. ತೊಂಬತ್ತು ವರ್ಷಗಳ ಹಿಂದೆ ಈ ಸಣ್ಣ ಸಣ್ಣ ವಿಷಯಗಳನ್ನೇ ರಾಜ್ಯಭಾರದ ದೊಡ್ಡ ಕೆಲಸ ಅಂತ ಹಿಡಿದು ಕೂತ ಒಬ್ಬ ಆಡಳಿತಗಾರರಿದ್ದರು. ಅವರು ಮೈಸೂರಿನ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್. ಮೈಸೂರಿನ ಕಡೆಯವರು ಅವರನ್ನು ತಮ್ಮವರೆಂದೇ ತಿಳಿದಿದ್ದಾರೆ. ಆದರೆ 1946ರ ಆಗಸ್ಟಿನಿಂದ 1947ರ ಮೇವರೆಗೆ ಅವರು ಹೈದರಾಬಾದ್ ಸಂಸ್ಥಾನದ ಪ್ರಧಾನಿಯಾಗಿದ್ದರು ಎಂಬುದು ನಮ್ಮ ಕಡೆ ಬಹಳ ಮಂದಿಗೆ ತಿಳಿಯದು. ಗುಲಬರ್ಗಾ ಜಿಲ್ಲೆ ಆಗ ನಿಜಾಮರ ಸಂಸ್ಥಾನದಲ್ಲಿತ್ತು. ಹಾಗೆ ನೋಡಿದರೆ ಹತ್ತು ತಿಂಗಳ ಮಟ್ಟಿಗೆ ಆಳಂದ ಸೀಮೆಗೂ ಅವರೇ ಪ್ರಧಾನಿ.

ಕುದುರೆ ವ್ಯಾಪಾರಿಯ ಮೊಮ್ಮಗ

ಮಿರ್ಜಾ ಹುಟ್ಟಿದ್ದು ಬೆಂಗಳೂರಿನಲ್ಲಿ, 1883ರ ಅಕ್ಟೋಬರ್ 24ರಂದು. ಅವರ ಅಜ್ಜ ಅಲಿ ಅಸ್ಕರ್ ಇರಾನಿನ ಶಿರಾಜ್ ಪಟ್ಟಣದವರು. ಹದಿಹರೆಯದಲ್ಲೇ ಕುದುರೆಗಳನ್ನು ಹೊಡೆದುಕೊಂಡು ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದವರು ಅಲ್ಲೇ ನೆಲೆ ನಿಂತರು. ಇಂಗ್ಲಿಷರ ಫೌಜಿಗೆ ಕುದುರೆ ಮಾರಿ ದುಡ್ಡು ಮಾಡಿದರು, ಆ ದುಡ್ಡಿನಲ್ಲಿ ಕಂಟೋನ್ಮೆಂಟಿನಲ್ಲಿ ಬಂಗಲೆ ಮೇಲೆ ಬಂಗಲೆ ಕಟ್ಟಿಸಿದರು. ನೂರರಷ್ಟು ಕಟ್ಟಿಸಿದ್ದರು ಅಂತ ಹೇಳುತ್ತಾರೆ. ಬೆಂಗಳೂರಿನಲ್ಲಿ ಅಲಿ ಅಸ್ಕರ್ ರಸ್ತೆ ಇವತ್ತಿಗೂ ಇದೆ. ಅಂದರೆ ಕಟ್ಟಡ, ಜಾಗ, ಬಾಡಿಗೆ, ರಸ್ತೆ ಅಂಚು, ಇವೆಲ್ಲ ಆ ಮನೆಯ ಊಟದ ಮಾತುಗಳೇ ಆಗಿದ್ದಿರಬೇಕು.

ಮೊಮ್ಮಗನ ಬಾಳು ತಿರುಗಿದ್ದು ಶಾಲೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗರಿದ್ದಾಗ ಅವರ ಜೊತೆ ಕೂತು ಓದಲೆಂದು ಕೆಲವೇ ಹುಡುಗರನ್ನು ಆರಿಸಿದ್ದರು. ಅದರಲ್ಲಿ ಮಿರ್ಜಾ ಒಬ್ಬರು. ಸ್ಟುವರ್ಟ್ ಫ್ರೇಸರ್ ಎಂಬ ಇಂಗ್ಲಿಷ್ ಅಧಿಕಾರಿ ಅವರಿಗೆ ಮೇಷ್ಟ್ರು. ಒಂದೇ ವರ್ಷದ ಹೆಚ್ಚುಕಮ್ಮಿಯ ಇಬ್ಬರು ಹುಡುಗರ ಗೆಳೆತನ ನಾಲ್ವಡಿಯವರು 1940ರ ಆಗಸ್ಟ್ 3ರಂದು ತೀರಿಕೊಳ್ಳುವವರೆಗೂ ಗಟ್ಟಿಯಾಗಿ ಉಳಿಯಿತು. ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸ್ವಲ್ಪ ದಿನ ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿ, ಆಮೇಲೆ ಮಹಾರಾಜರ ಕಚೇರಿ ಸೇರಿದರು. ಅವರ ಖಾಸಗಿ ಕಾರ್ಯದರ್ಶಿಯಾದರು. 1926ರಲ್ಲಿ ದಿವಾನರಾದರು. ಹದಿನೈದು ವರ್ಷ ಆ ಕುರ್ಚಿಯಲ್ಲಿದ್ದರು.

ಆ ಹದಿನೈದು ವರ್ಷದ ಪಟ್ಟಿ ಉದ್ದ ಇದೆ: ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದ ಕಾರ್ಖಾನೆ, ಬೆಂಗಳೂರಿನ ಪಿಂಗಾಣಿ ಕಾರ್ಖಾನೆ, 1940ರ ಹಿಂದೂಸ್ತಾನ್ ವಿಮಾನ ಕಾರ್ಖಾನೆ, ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ ತೋಟ. ಲಂಡನ್ನಿನ ದುಂಡು ಮೇಜಿನ ಪರಿಷತ್ತಿಗೂ ಹೋಗಿ ಬಂದರು. ಅದೆಲ್ಲ ಶಾಲೆಯ ಪುಸ್ತಕಗಳಲ್ಲೇ ಇದೆ. ಊರು ಕಟ್ಟುವ ವಿಷಯದಲ್ಲಿ ಅವರು ಏನು ಮಾಡಿದರು, ಅದು ಎಲ್ಲಿವರೆಗೆ ನಡೆಯಿತು, ಎಲ್ಲಿ ನಿಂತಿತು ಎಂಬುದನ್ನು ಮಾತ್ರ ಅಂಗಡಿಕಾರರು ನೋಡಬೇಕಾದ್ದಿದೆ.

ನಿಯಮ ಬಂದದ್ದು ಪ್ಲೇಗಿನಿಂದ

ಮನೆ ಕಟ್ಟಲು ಯಾರನ್ನೋ ಕೇಳಬೇಕು ಎಂಬ ಕಾನೂನು ಯಾಕೆ ಬಂತು? ಅಧಿಕಾರಿಗಳಿಗೆ ರೊಕ್ಕ ತಿನ್ನಲು ಅಂತ ತಮಾಷೆ ಮಾಡುವವರಿದ್ದಾರೆ. ನಿಜವಾದ ಕಾರಣ ಹೆಣಗಳು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಹಳೇ ಪೇಟೆಯ ಓಣಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು, ಗಾಳಿ ಇಲ್ಲ, ಬೆಳಕಿಲ್ಲ, ಹೊಲಸು ನೀರು ಹರಿಯಲು ದಾರಿ ಇಲ್ಲ. ಇಲಿ ಸತ್ತವು, ಆಮೇಲೆ ಮನುಷ್ಯರು ಸತ್ತರು. ಮಂದಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗಿನ ಹೊಡೆತದ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ನೇರ ರಸ್ತೆ, ಅಳತೆಯ ನಿವೇಶನ, ಮನೆ ಹಿಂದೆ ಕಸ ಸಾಗಿಸಲು ಬೇರೆ ಸಣ್ಣ ಓಣಿ, ಇವೆಲ್ಲ ಮೊದಲೇ ಗೆರೆ ಎಳೆದು ಮಾಡಿದವು. ಮೈಸೂರು ನಗರದಲ್ಲಿ 1903ರಲ್ಲೇ ನಗರ ಸುಧಾರಣೆಗೆಂದು ಟ್ರಸ್ಟ್ ಬೋರ್ಡ್ ಆಯಿತು. ದೇಶದಲ್ಲೇ ಇಂಥ ಮೊದಮೊದಲ ಮಂಡಳಿಗಳಲ್ಲಿ ಅದೊಂದು. ಬೆಂಗಳೂರಿಗೆ ಅಂಥದೇ ಮಂಡಳಿ ಬಂದದ್ದು 1945ರಲ್ಲಿ.

ನಮ್ಮ ಕಡೆಯ ರಾಜಧಾನಿಯಾಗಿದ್ದ ಹೈದರಾಬಾದಿಗೆ ಪಾಠ ಕಲಿಸಿದ್ದು ನೀರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಮಂದಿ ಹೋದರು. ಆಗ ನಿಜಾಮರ ಸರಕಾರ ಕರೆಸಿದ್ದು ಎಂ. ವಿಶ್ವೇಶ್ವರಯ್ಯನವರನ್ನು. 1912ರಲ್ಲಿ ಅಲ್ಲೂ ನಗರ ಸುಧಾರಣಾ ಮಂಡಳಿ ಆಯಿತು.

ಹೀಗಾಗಿ ಮಿರ್ಜಾ ದಿವಾನರಾಗುವ ಹೊತ್ತಿಗೆ ಮಂಡಳಿ ಇತ್ತು, ಪುರಸಭೆ ಇತ್ತು, ಗ್ರಾಮ ಪಂಚಾಯಿತಿಗಳಿಗೂ ಮೈಸೂರಿನಲ್ಲಿ ಕಾನೂನು ಬಂದಿತ್ತು. ಕಾಗದದಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಹೊರಗೆ ಹೋಗಿ ನೋಡುವವರದು.

ಬೆಳಗಿನ ಸವಾರಿ

ಮಿರ್ಜಾ ಅವರ ಹೆಸರು ಹೇಳಿದರೆ ಹಳೇ ಬೆಂಗಳೂರಿನವರಿಗೆ ಮೊದಲು ನೆನಪಾಗುತ್ತಿದ್ದದ್ದು ಅವರ ಬೆಳಗಿನ ಸವಾರಿ. ದಿವಾನರು ಕುದುರೆ ಏರಿ ಊರು ಸುತ್ತುತ್ತಿದ್ದರು. ಅದು ಮೆರವಣಿಗೆ ಅಲ್ಲ. ಎಲ್ಲಿ ಕಸ ಬಿದ್ದಿದೆ, ಎಲ್ಲಿ ಗಿಡ ಒಣಗಿದೆ, ಯಾವ ದೀಪದ ಕಂಬ ಓರೆಯಾಗಿದೆ, ಯಾರ ಗೋಡೆ ರಸ್ತೆಗೆ ಬಂದಿದೆ ಎಂಬುದನ್ನು ಅವರು ಕಣ್ಣಾರೆ ನೋಡುತ್ತಿದ್ದರು. ನೋಡಿದ್ದನ್ನು ಇಲಾಖೆಗೆ ಬರೆದು ಕಳಿಸುತ್ತಿದ್ದರು, ಮತ್ತೆ ಅದೇ ದಾರಿಯಲ್ಲಿ ಬಂದು ಆಯಿತೋ ಇಲ್ಲವೋ ಎಂದು ನೋಡುತ್ತಿದ್ದರು. ಈ ಎರಡನೇ ಸಲ ಬಂದು ನೋಡುವುದೇ ಅವರ ಗುಟ್ಟು. ನೋಟಿಸು ಕೊಡುವುದು ಯಾವ ಕಚೇರಿಗೂ ಕಷ್ಟದ ಕೆಲಸ ಅಲ್ಲ. ನೋಟಿಸು ಕೊಟ್ಟ ಮೇಲೆ ಹದಿನೈದನೇ ದಿನ ಅದೇ ಜಾಗಕ್ಕೆ ಹೋಗಿ ನಿಲ್ಲುವುದು ಕಷ್ಟ.

ಇನ್ನೊಂದು ಮಾತು. ಅವರು ಬರೀ ಕೆಡವಿಸುವವರಲ್ಲ, ಚೆಂದ ಮಾಡುವ ಹುಚ್ಚಿನವರು. ವೃತ್ತಗಳಲ್ಲಿ ಹೂವು, ರಸ್ತೆ ಪಕ್ಕ ಸಾಲುಮರ, ಉದ್ಯಾನ, ಕಾರಂಜಿ. ಜರ್ಮನಿಯಿಂದ ಬಂದ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರ ಜೊತೆ ಸೇರಿ ಬೆಂಗಳೂರು, ಮೈಸೂರುಗಳಿಗೆ ಕೊಟ್ಟ ಹಸಿರು ಇವತ್ತಿಗೂ ಅಲ್ಲಲ್ಲಿ ಉಳಿದಿದೆ. ಬೆಂಗಳೂರಿನ ಪುರಭವನದ ಕೆಲಸ 1933ರಲ್ಲಿ ಶುರುವಾಗಿ 1935ರಲ್ಲಿ ಮುಗಿಯಿತು. ದೊಡ್ಡ ಕಂಬಗಳ ಆ ಕಟ್ಟಡಕ್ಕೆ ದಿವಾನರು ತಮ್ಮ ಹೆಸರು ಇಡಲಿಲ್ಲ, ಹಿಂದೆ ಪುರಸಭೆಯ ಅಧ್ಯಕ್ಷರಾಗಿದ್ದ ಸರ್ ಪುಟ್ಟಣ್ಣ ಚೆಟ್ಟಿ ಅವರ ಹೆಸರು ಇಟ್ಟರು. ಊರಿನ ಸಭಾಭವನಕ್ಕೆ ಊರಿನ ಪುರಸಭೆ ನಡೆಸಿದವರ ಹೆಸರು.

ಆದರೆ ದಿವಾನರ ಹುಕುಂ ಒಂದು ಗೆರೆಯಾಚೆ ನಡೆಯುತ್ತಿರಲಿಲ್ಲ. ಬೆಂಗಳೂರಿನ ಕಂಟೋನ್ಮೆಂಟ್ ಭಾಗ ಇಂಗ್ಲಿಷರ ರೆಸಿಡೆಂಟರ ಕೈಯಲ್ಲಿತ್ತು. ಒಂದೇ ಊರಿಗೆ ಎರಡು ಪುರಸಭೆ, ಎರಡು ನಿಯಮ. ಅಜ್ಜ ಬಂಗಲೆ ಕಟ್ಟಿಸಿದ ನೆಲದಲ್ಲಿ ಮೊಮ್ಮಗ ದಿವಾನರಾದರೂ ಒಂದು ಗಟಾರದ ವಿಷಯಕ್ಕೂ ಕೈ ಹಾಕುವಂತಿರಲಿಲ್ಲ. ಆ ಎರಡೂ ಒಂದಾಗಿ ಬೆಂಗಳೂರಿಗೆ ನಗರಪಾಲಿಕೆ ಆದದ್ದು ಸ್ವಾತಂತ್ರ್ಯದ ನಂತರ, 1949ರಲ್ಲಿ. ಯಾವ ಜಾಗ ಯಾರ ಹದ್ದಿಗೆ ಬರುತ್ತದೆ ಎಂಬ ಗೊಂದಲ ನಮ್ಮ ಕಡೆಗೂ ಹೊಸದಲ್ಲ. ರಾಜ್ಯ ಹೆದ್ದಾರಿ ಪಕ್ಕದ ಮಳಿಗೆಗೆ ಪಂಚಾಯಿತಿಯ ಪರವಾನಗಿ ಒಂದೇ ಸಾಕಾಗುವುದಿಲ್ಲ, ಹೆದ್ದಾರಿಯ ಅಂಚಿಗೆ 1964ರ ಹೆದ್ದಾರಿ ಕಾಯ್ದೆ ಬೇರೆಯೇ ಇದೆ.

ಒಬ್ಬರ ಕಣ್ಣು ಸಾಲದ ಕಡೆ

ಮಿರ್ಜಾ ಅವರನ್ನು ಹೊಗಳುವವರು ಎರಡು ವರ್ಷಗಳನ್ನು ಬೇಗ ಬೇಗ ದಾಟಿಸುತ್ತಾರೆ: 1928 ಮತ್ತು 1938.

1928ರಲ್ಲಿ ಬೆಂಗಳೂರಿನ ಸುಲ್ತಾನಪೇಟೆಯ ಸರಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿ ಮೂರ್ತಿಯ ವಿಷಯ ಜಗಳವಾಯಿತು. ಸರಕಾರಿ ಜಾಗದಲ್ಲಿ ಪೂಜೆಯ ಸ್ಥಳ, ಅದರ ಸುತ್ತಲಿನ ಕಟ್ಟಡ, ಯಾರು ಒಪ್ಪಿಗೆ ಕೊಟ್ಟರು, ಯಾರು ತಡೆದರು ಎಂಬಲ್ಲಿ ಶುರುವಾದದ್ದು ಬೀದಿಯ ಗಲಭೆಯವರೆಗೆ ಹೋಯಿತು. ದಿವಾನರ ಧರ್ಮದ ಮೇಲೂ ಮಾತು ಬಂತು. ವಿಚಾರಣೆಗೆ ಕೂತ ಸಮಿತಿಯ ಅಧ್ಯಕ್ಷರು ಮತ್ತೆ ವಿಶ್ವೇಶ್ವರಯ್ಯನವರೇ. ಸರಕಾರಿ ನೆಲದಲ್ಲಿ ಒಂದು ಗೋಡೆಗೆ ಯಾರು, ಯಾವ ಕಾಗದದ ಮೇಲೆ ಹೂಂ ಅಂದರು ಎಂಬುದು ಮೊದಲೇ ಸ್ಪಷ್ಟ ಇಲ್ಲದಿದ್ದರೆ ಆಮೇಲೆ ಎಷ್ಟು ಒಳ್ಳೆ ಆಡಳಿತಗಾರನಿದ್ದರೂ ಪರಿಸ್ಥಿತಿ ಕೈ ತಪ್ಪುತ್ತದೆ. ಗುಡಿ ಇರಲಿ, ದರ್ಗಾ ಇರಲಿ, ಗಡಿಗೆರೆ ಹಾಕುವ ಕೆಲಸಕ್ಕೆ ಹಳ್ಳಿಯ ಪಂಚಾಯಿತಿ ಯಾಕೆ ಹೆದರುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಕಾಂಗ್ರೆಸ್ ಬಾವುಟ ಹಿಡಿದು ಸೇರಿದ ಮಂದಿಯ ಮೇಲೆ ಪೊಲೀಸರು ಗುಂಡು ಹಾರಿಸಿದರು. ಜೀವಗಳು ಹೋದವು. ದಿವಾನರು ಮಿರ್ಜಾ ಅವರೇ. ಮುಂದೆ ಸರ್ದಾರ್ ಪಟೇಲರು ಬಂದು ಮಾತಾಡಿ, ಪಟೇಲ್–ಮಿರ್ಜಾ ಒಪ್ಪಂದ ಆಗಿ, ಬಾವುಟದ ವಿಷಯ ತಣ್ಣಗಾಯಿತು. ಸಾಲುಮರ ಒಣಗಿದ್ದನ್ನು ಗುರುತಿಸುವ ದಿವಾನರಿಗೆ ಜನರ ಮನಸ್ಸು ಎಲ್ಲಿಗೆ ಹೋಗಿದೆ ಎಂಬುದು ಆ ಹೊತ್ತಿಗೆ ಕಾಣಲಿಲ್ಲ. ಅವರನ್ನು ಜನ ಆರಿಸಿ ತಂದಿರಲಿಲ್ಲ. ಅವರು ಉತ್ತರ ಹೇಳಬೇಕಾದದ್ದು ಒಬ್ಬ ಮಹಾರಾಜರಿಗೆ ಮಾತ್ರ. ಅಂಗಡಿ ಕಟ್ಟೆ ತೆಗೆಸುವಾಗ ಇದೇ ಅವರ ಬಲವಾಗಿತ್ತು, ವಿದುರಾಶ್ವತ್ಥದಲ್ಲಿ ಇದೇ ಅವರ ದೌರ್ಬಲ್ಯವಾಯಿತು.

ಕಟ್ಟಡದ ರುಚಿಯಲ್ಲೂ ಅವರದು ಹಟ. 1939ರಲ್ಲಿ ಹಿಟ್ಲರನ ಕಾಟದಿಂದ ದೇಶ ಬಿಟ್ಟಿದ್ದ ಒಟ್ಟೊ ಕೋನಿಗ್ಸ್‌ಬರ್ಗರ್ ಎಂಬ ಜರ್ಮನ್ ವಾಸ್ತುಶಿಲ್ಪಿಗೆ ಮೈಸೂರು ಸರಕಾರದಲ್ಲಿ ಕೆಲಸ ಸಿಕ್ಕಿತು. ಅವರಿಗೆ ಸಾದಾ ಕಟ್ಟಡ, ಗಾಳಿ ಬೆಳಕಿನ ಲೆಕ್ಕ ಇಷ್ಟ. ದಿವಾನರಿಗೆ ಗುಮ್ಮಟ, ಕಮಾನು, ಅಲಂಕಾರ ಬೇಕು. ಇಬ್ಬರಿಗೂ ಈ ವಿಷಯದಲ್ಲಿ ಹೊಂದಲಿಲ್ಲ. ಮುಂದೆ ಇದೇ ಕೋನಿಗ್ಸ್‌ಬರ್ಗರ್ ಒಡಿಶಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆ ಬರೆದರು. ರುಚಿ ಬೇರೆ, ನಿಯಮ ಬೇರೆ. ಒಬ್ಬ ಮನುಷ್ಯನೇ ಎಲ್ಲ ನೋಡಿಕೊಂಡರೆ ಎರಡೂ ಒಂದರೊಳಗೊಂದು ಕಲಸಿಹೋಗುತ್ತವೆ.

ಜೈಪುರದ ಪಡಸಾಲೆ

ಗೆಳೆಯ ಮಹಾರಾಜರು ತೀರಿಕೊಂಡ ಮೇಲೆ ಹೊಸ ಮಹಾರಾಜರ ಜೊತೆ ಹೊಂದಾಣಿಕೆ ಆಗಲಿಲ್ಲ. 1941ರಲ್ಲಿ ಮಿರ್ಜಾ ರಾಜೀನಾಮೆ ಕೊಟ್ಟರು. ಮರುವರ್ಷ ಜೈಪುರದ ಮಹಾರಾಜರು ಅವರನ್ನು ಪ್ರಧಾನಿಯಾಗಿ ಕರೆಸಿಕೊಂಡರು. 1946ರವರೆಗೆ ಅಲ್ಲಿದ್ದರು. ಅಂಗಡಿಕಾರರಿಗೆ ಅವರ ಬಾಳಿನಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗದ ಭಾಗ ಇದು.

ಜೈಪುರ 1727ರಲ್ಲಿ ಸವಾಯಿ ಜೈಸಿಂಗ್ ಮಹಾರಾಜರು ಮೊದಲೇ ನಕ್ಷೆ ಹಾಕಿ ಕಟ್ಟಿಸಿದ ಊರು. ಅಗಲವಾದ ನೇರ ಬಜಾರಗಳು, ಎರಡೂ ಕಡೆ ಒಂದೇ ಅಳತೆಯ ಅಂಗಡಿ ಸಾಲು. ಹಿಂದಿನ ಓಣಿಯಲ್ಲಿ ಮನೆಯವರು ಬೇಕಾದಂತೆ ಕಟ್ಟಿಕೊಳ್ಳಬಹುದಿತ್ತು, ಬಜಾರದ ಮುಖ ಮಾತ್ರ ಗೆರೆ ತಪ್ಪುವಂತಿರಲಿಲ್ಲ. ಇನ್ನೂರು ವರ್ಷದಲ್ಲಿ ಆ ಗೆರೆ ಸವೆದು ಹೋಗಿತ್ತು. ಮಿರ್ಜಾ ಬಂದು ಬಜಾರದ ಅಂಗಡಿಗಳ ಮುಂದೆ ಉದ್ದಕ್ಕೂ ಕಂಬಗಳ ಪಡಸಾಲೆ ಕಟ್ಟಿಸಿದರು. ಗಿರಾಕಿಗಳು ಬಿಸಿಲಿಗೆ ಬೇಯದೆ, ಮಳೆಗೆ ನೆನೆಯದೆ ಒಂದು ಅಂಗಡಿಯಿಂದ ಇನ್ನೊಂದಕ್ಕೆ ನಡೆಯಬಹುದು. ರಾಜಸ್ಥಾನದ ಬಿಸಿಲು ಅಂದರೆ ನಮ್ಮ ಕಲಬುರಗಿ ಬಿಸಿಲಿನ ಅಣ್ಣ. ಅಲ್ಲಿ ನೆರಳಿಗೆ ಬೆಲೆ ಇದೆ.

ಅಂಗಡಿಕಾರ ಯಾಕೆ ಮುಂದಕ್ಕೆ ಬರುತ್ತಾನೆ? ಜಾಗದ ಆಸೆ ಒಂದು ಕಾರಣ. ಅದಕ್ಕಿಂತ ದೊಡ್ಡದು ನೆರಳು. ಮಾಲು ಒಣಗಬಾರದು, ಗಿರಾಕಿ ನಿಲ್ಲಬೇಕು, ಅದಕ್ಕೇ ಪತ್ರಾ ಇಳಿಸುತ್ತಾನೆ. ಪಡಸಾಲೆ ಆ ನೆರಳನ್ನು ಊರಿನ ಖರ್ಚಿನಲ್ಲಿ ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಟ್ಟಿತು, ಅದರ ಕಂಬವೇ ಇನ್ನು ಮುಂದೆ ಬರಬೇಡಿ ಎಂಬ ಗೆರೆಯೂ ಆಯಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ತಡೆದಂತೆ. ಬರೀ ಜೆಸಿಬಿ ತರುವ ಪುರಸಭೆಗಿಂತ ಇದು ಎಷ್ಟೋ ಬುದ್ಧಿವಂತಿಕೆ.

ಕೋಟೆಗೋಡೆಯ ಹೊರಗೆ ಹೊಸ ಬಡಾವಣೆಗಳಿಗೂ ಅವರ ಕಾಲದಲ್ಲೇ ಯೋಜನೆ ಆಯಿತು. ಅದರಲ್ಲಿ ಸಿ ಸ್ಕೀಮ್ ಎಂಬುದನ್ನು ಜೈಪುರದವರು ಇವತ್ತಿಗೂ ಆ ಹೆಸರಿನಿಂದಲೇ ಕರೆಯುತ್ತಾರೆ.

ಆದರೆ ಪಡಸಾಲೆಯ ಕತೆ ಅಲ್ಲಿಗೆ ಮುಗಿಯಲಿಲ್ಲ. ಮಿರ್ಜಾ ಹೋದರು, ರಾಜರ ಆಳ್ವಿಕೆ ಹೋಯಿತು. ಅಂಗಡಿಗಳು ಒಂದೊಂದಾಗಿ ಪಡಸಾಲೆಯೊಳಕ್ಕೇ ಬಂದವು. ಕಂಬದಿಂದ ಕಂಬಕ್ಕೆ ಗೋಡೆ ಎದ್ದಿತು, ಶಟರ್ ಬಿತ್ತು. ನಡೆಯುವವರು ಮತ್ತೆ ಬಿಸಿಲಿಗೆ ಇಳಿದರು. 2000ದ ಸುಮಾರಿಗೆ ಜೈಪುರ ನಗರಪಾಲಿಕೆ ಆಪರೇಷನ್ ಪಿಂಕ್ ಎಂಬ ದೊಡ್ಡ ಕಾರ್ಯಾಚರಣೆ ನಡೆಸಿ ಪಡಸಾಲೆ ಬಿಡಿಸಬೇಕಾಯಿತು. ಕಟ್ಟಿಸಿದ್ದು ನಾಲ್ಕು ವರ್ಷ ಇದ್ದ ಒಬ್ಬ ಪ್ರಧಾನಿ, ಬಿಡಿಸಲು ಅರ್ಧ ಶತಮಾನ ಬೇಕಾಯಿತು. ಬೆಳಿಗ್ಗೆ ಎದ್ದು ಕುದುರೆ ಮೇಲೆ ಬಂದು ನೋಡುವವರು ಇಲ್ಲವಾದ ಕೂಡಲೇ ಗೆರೆ ಮಾಯ. ಅವರು ತಮ್ಮ ಕೆಲಸ ಮುಂದುವರಿಸುವಂಥ ಅಭ್ಯಾಸವನ್ನು ಊರಿನ ಸಭೆಗೆ ಕಲಿಸಿ ಹೋಗಲಿಲ್ಲ, ಕಲಿಸಲು ಅಂಥ ಸಭೆಗೆ ಬಲವೂ ಇರಲಿಲ್ಲ.

ಹೈದರಾಬಾದಿನ ಹತ್ತು ತಿಂಗಳು

1946ರ ಆಗಸ್ಟಿನಲ್ಲಿ ಮಿರ್ಜಾ ಹೈದರಾಬಾದಿಗೆ ಬಂದರು. ಮೈಸೂರು, ಜೈಪುರಗಳಲ್ಲಿ ಮಾಡಿದ್ದನ್ನು ಇಲ್ಲೂ ಮಾಡುವ ಆಸೆ ಇದ್ದಿರಬಹುದು, ಅದಕ್ಕೆ ಹೊತ್ತು ಸಿಗಲಿಲ್ಲ. ದೇಶ ಎರಡಾಗುವ ಗಡಿಬಿಡಿ. ನಿಜಾಮ್ ಉಸ್ಮಾನ್ ಅಲಿ ಖಾನ್ ಭಾರತ ಸೇರುವುದೋ ಬೇಡವೋ ಎಂಬ ಎಳೆದಾಟದಲ್ಲಿದ್ದರು. ಮಿರ್ಜಾ ಅವರ ಒಲವು ಭಾರತದ ಜೊತೆ ಸೌಹಾರ್ದದಿಂದ ಇರುವ ಕಡೆಗೆ. ಇತ್ತೆಹಾದ್ ಪಕ್ಷಕ್ಕೆ ಅದು ಸೇರಲಿಲ್ಲ. ಆ ಪಕ್ಷದ ಮುಂದಾಳಾದ ಖಾಸಿಂ ರಜ್ವಿ ನಮ್ಮ ನೆರೆಯ ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದವರು. ಆಳಂದ ಭಾಗದ ಹಿರಿಯರು ರಜಾಕಾರರ ಕಾಲದ ಬಗ್ಗೆ ಹೇಳುತ್ತಿದ್ದ ಕತೆಗಳನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ.

1947ರ ಮೇನಲ್ಲಿ ಮಿರ್ಜಾ ರಾಜೀನಾಮೆ ಕೊಟ್ಟು ಬೆಂಗಳೂರಿಗೆ ಮರಳಿದರು. ಅವರ ಮಾತು ನಡೆದಿದ್ದರೆ ಮುಂದಿನ ಹದಿನಾರು ತಿಂಗಳು ಈ ಸೀಮೆಗೆ ಬೇರೆಯೇ ಆಗಿರುತ್ತಿತ್ತೋ ಏನೋ. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಗುಲಬರ್ಗಾ ಮೈಸೂರು ರಾಜ್ಯಕ್ಕೆ ಸೇರಿತು. ಮಿರ್ಜಾ ಅವರು ಬಿಟ್ಟು ಬಂದ ಎರಡು ಸಂಸ್ಥಾನಗಳ ನೆಲ ಹೀಗೆ ಒಂದೇ ರಾಜ್ಯದೊಳಗೆ ಬಂತು. ಅದನ್ನು ನೋಡಲು ಅವರು ಬದುಕಿದ್ದರು.

ಆ ಅಧಿಕಾರ ಈಗ ಯಾರ ಕೈಯಲ್ಲಿ

ಒಬ್ಬ ದಿವಾನರ ಕೈಯಲ್ಲಿದ್ದ ಅಧಿಕಾರ ಇವತ್ತು ಹಂಚಿಹೋಗಿದೆ. ಹಳ್ಳಿಯಲ್ಲಿ ಅದು ಗ್ರಾಮ ಪಂಚಾಯಿತಿಯದು. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಪ್ರಕಾರ ಪಂಚಾಯಿತಿಯ ಅನುಮತಿ ಇಲ್ಲದೆ ಕಟ್ಟಡ ಕಟ್ಟುವಂತಿಲ್ಲ. ಆಳಂದದಂಥ ಪಟ್ಟಣದಲ್ಲಿ ಪುರಸಭೆ, 1964ರ ಪುರಸಭೆಗಳ ಕಾಯ್ದೆ, ಅದರ 187ನೇ ಪ್ರಕರಣ. ಹೊಲದಲ್ಲಿ ಪ್ಲಾಟು ಹಾಕುವುದಾದರೆ ಮೊದಲು ಭೂಕಂದಾಯ ಕಾಯ್ದೆಯ 95ನೇ ಪ್ರಕರಣದಡಿ ಎನ್.ಎ. ಆಗಬೇಕು, ಅದು ಜಿಲ್ಲಾಧಿಕಾರಿಗಳ ಕಡೆ. ಬಡಾವಣೆಯ ನಕ್ಷೆಗೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಆಸ್ತಿಗೆ ಇ-ಸ್ವತ್ತಿನ ಫಾರ್ಮ್ 9, ಫಾರ್ಮ್ 11. ಮಿರ್ಜಾ ಅವರ ಕಾಲದಲ್ಲಿ ಒಂದು ಚೀಟಿಯಲ್ಲಿ ಆಗುತ್ತಿದ್ದದ್ದಕ್ಕೆ ಈಗ ನಾಲ್ಕು ಕಚೇರಿ ತಿರುಗಬೇಕು ಅಂತ ಬೇಸರ ಪಡುವವರ ಮಾತಿನಲ್ಲಿ ಸುಳ್ಳಿಲ್ಲ.

ಆದರೆ ದಿವಾನರ ಚೀಟಿಗೆ ಎದುರು ಮಾತು ಇರಲಿಲ್ಲ. ಈಗ ಇದೆ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಕಟ್ಟಡ ಕೆಡವುವ ಮೊದಲು ಮಾಲೀಕನಿಗೆ ಕನಿಷ್ಠ 15 ದಿನದ ನೋಟಿಸು ಕೊಡಬೇಕು, ಅವನ ಮಾತು ಕೇಳಬೇಕು, ಕಾರಣ ಬರೆದು ಆದೇಶ ಮಾಡಬೇಕು. ಒಂದು ವಿಷಯ ಅಂಗಡಿಕಾರರು ನೆನಪಿಡಬೇಕು: ರಸ್ತೆ, ಓಣಿ, ಫುಟ್‌ಪಾತ್‌ನಂಥ ಸಾರ್ವಜನಿಕ ಜಾಗದ ಮೇಲೆ ಕಟ್ಟಿದ್ದಕ್ಕೆ ಈ ರಕ್ಷಣೆ ಇಲ್ಲ. ತಳ್ಳುಗಾಡಿಯವರಿಗೆ, ಬುಟ್ಟಿ ಇಟ್ಟು ಮಾರುವವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಬೇರೆ ಇದೆ. ಅವರನ್ನು ಒಮ್ಮಿಂದೊಮ್ಮೆಲೇ ಎಬ್ಬಿಸುವಂತಿಲ್ಲ.

ಇನ್ನು ಮನುಷ್ಯರ ಮಾತು. ದಿವಾನರು ಕುದುರೆ ಮೇಲಿಂದ ಬೆರಳು ತೋರಿಸಿ ಹೋಗಿಬಿಡುತ್ತಿದ್ದರು. ಪಂಚಾಯಿತಿ ಸದಸ್ಯನಿಗೆ ಹಾಗೆ ಆಗುವುದಿಲ್ಲ. ಅವನು ಯಾರ ಕಟ್ಟೆ ತೆಗೆಸಬೇಕೋ ಅವರ ಹೋಟೆಲಿನಲ್ಲೇ ನಾಳೆ ಬೆಳಿಗ್ಗೆ ಚಹಾ ಕುಡಿಯಬೇಕು. ಅವರ ಮನೆ ಲಗ್ನಕ್ಕೆ ಹೋಗಬೇಕು, ಐದು ವರ್ಷಕ್ಕೊಮ್ಮೆ ಅವರ ಓಟು ಕೇಳಬೇಕು. ಪಿಡಿಒ ಆದರೆ ವರ್ಗ ಆಗಿ ಹೋಗುತ್ತಾರೆ, ಸದಸ್ಯ ಎಲ್ಲಿಗೆ ಹೋದಾನು? ಹೀಗಾಗಿ ಕಟ್ಟಿ ಮುಗಿದ ಮೇಲೆ ತಡೆಯುವುದು ಊರಿನ ಸಭೆಗೆ ಆಗದ ಮಾತು. ಅರ್ಜಿ ಬಂದ ದಿನವೇ ಟೇಪು ಹಿಡಿದು ಹೋಗಿ, ರಸ್ತೆ ಇಲ್ಲಿಗೆ, ಗಟಾರ ಇಲ್ಲಿಗೆ, ಪಾಯ ಇದರ ಹಿಂದೆ ಅಂತ ಸುಣ್ಣದ ಗೆರೆ ಹಾಕಿ ಬರುವುದು ಆಗುವ ಮಾತು. ಸುಣ್ಣದ ಖರ್ಚು ನೂರು ರೂಪಾಯಿ ಆದೀತು. ಎದ್ದ ಗೋಡೆ ಕೆಡವುವ ಖರ್ಚಿನಲ್ಲಿ ಹಣದ ಜೊತೆ ಮನಸ್ಸೂ ಹೋಗುತ್ತದೆ. ಸುಣ್ಣ ಹಾಕುವ ದಿನ ಅಕ್ಕಪಕ್ಕದ ಮಾಲೀಕರನ್ನೂ ಕರೆದು ನಿಲ್ಲಿಸಿದರೆ ಆ ಗೆರೆಗೆ ಅವರೇ ಕಾವಲುಗಾರರು. ಕುದುರೆ ಮೇಲೆ ಬರುವ ದಿವಾನರು ಬೇಕಿಲ್ಲ.

ಕೊನೆಯ ವರ್ಷಗಳು

ಸ್ವಾತಂತ್ರ್ಯದ ನಂತರ ಮಿರ್ಜಾ ದೊಡ್ಡ ಅಧಿಕಾರಕ್ಕೆ ಮರಳಲಿಲ್ಲ. ವಿಶ್ವಸಂಸ್ಥೆಯ ಪರವಾಗಿ ಸ್ವಲ್ಪ ಕಾಲ ಇಂಡೋನೇಷ್ಯಾದಲ್ಲಿ ಕೆಲಸ ಮಾಡಿ ಬಂದರು. 1954ರಲ್ಲಿ ತಮ್ಮ ಆತ್ಮಕಥೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅಷ್ಟು ಹೊತ್ತಿಗೆ ಬೆಂಗಳೂರು ಅವರ ಕೈಯಲ್ಲಿದ್ದ ಊರಾಗಿ ಉಳಿದಿರಲಿಲ್ಲ, ನಾಲ್ಕೂ ದಿಕ್ಕಿಗೆ ಬೆಳೆಯಲು ಶುರುಮಾಡಿತ್ತು. 1959ರ ಜನವರಿ 5ರಂದು ಅದೇ ಊರಿನಲ್ಲಿ, ತಮ್ಮ 75ನೇ ವಯಸ್ಸಿನಲ್ಲಿ ತೀರಿಕೊಂಡರು.

ಜೈಪುರದ ಕೋಟೆಗೋಡೆಯ ಹೊರಗೆ ಒಂದು ಅಗಲವಾದ ರಸ್ತೆ ಇದೆ. ಆ ಊರಿನ ದೊಡ್ಡ ದೊಡ್ಡ ಅಂಗಡಿಗಳು ಅಲ್ಲಿವೆ. ಬಿಲ್ಲಿನ ಮೇಲೆ, ಬೋರ್ಡಿನ ಮೇಲೆ ಎಲ್ಲರೂ ಬರೆಯುವುದು ಎಂ.ಐ. ರೋಡ್ ಅಂತ. ಅದು ಮಿರ್ಜಾ ಇಸ್ಮಾಯಿಲ್ ರಸ್ತೆ.